ಜಾಲಿ ಗಿಡದ ಕೆಳಗೆ ಮಲಗಿದ ಪ್ರವಾದಿ

ಚರ್ಚಿನ ಗೋಡೆಗೆ ನಾನು ಬರೆದ ಪ್ರವಾದಿ ಮೋಶೆಯ ಎದೆ ನೋಡಿ ಫಾದರ್ ನಕ್ಕುಬಿಟ್ಟರು. ಗೇಲಿಯ ನಗುವಲ್ಲ, ಸುಸ್ತಾದ ಮನುಷ್ಯನ ನಗು. ಆರಡಿ ಎತ್ತರದ ಆ ಚಿತ್ರಕ್ಕೆ ಒಂಬತ್ತು ದಿನ ಹಿಡಿದಿತ್ತು. ಅಗಲ ಭುಜ, ಸಣ್ಣ ಸೊಂಟ, ಉಬ್ಬಿದ ತೋಳು, ತಲೆಯ ಹಿಂದೆ ಹಳದಿ ಪ್ರಭಾವಳಿ. ಭಜನಾ ಮಂದಿರಗಳ ಗೋಡೆಯ ಮೇಲೆ ಇಪ್ಪತ್ತು ವರ್ಷ ನಾನು ಬರೆದದ್ದೆಲ್ಲ ಹೀಗೆಯೇ ಇತ್ತು, ಅಲ್ಲಿ ಯಾರೂ ನಕ್ಕಿರಲಿಲ್ಲ.

"ಇವರು ದೇವರ ಹತ್ತಿರ, ನನಗೆ ಮಾತು ಬರುವುದಿಲ್ಲ, ನಾಲಿಗೆ ತಡವರಿಸುತ್ತದೆ, ಬೇರೆ ಯಾರನ್ನಾದರೂ ಕಳಿಸು ಅಂತ ಬೇಡಿಕೊಂಡವರು ಮಾರಾಯ್ರೆ. ಈ ಎದೆ ಇದ್ದವನು ಹಾಗೆ ಬೇಡಿಕೊಳ್ತಾನಾ?" ಎಂದು ಕೇಳಿದರು.

ನನಗೆ ಸಿಟ್ಟು ಬಂತು. ಮೊದಲೇ ಹೇಳಬಹುದಿತ್ತಲ್ಲ ಎಂದೆ. ಮೊದಲೇ ಹೇಳಿದ್ದೆ, ನೀವು ಕೇಳಿಸಿಕೊಳ್ಳಲಿಲ್ಲ ಎಂದರು. ಅದು ನಿಜವೇ ಆಗಿತ್ತು. ಆ ವರ್ಷ ಯಾರ ಮಾತೂ ನನ್ನ ಕಿವಿಗೆ ಪೂರ್ತಿಯಾಗಿ ಇಳಿಯುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಮಣಿಪಾಲಕ್ಕೆ ಫ್ಲೆಕ್ಸ್ ಮೆಷಿನ್ ಬಂದಿತ್ತು. ನಾನು ಎರಡು ದಿನ ಕುಳಿತು ಬರೆಯುವ ಅಂಗಡಿ ಬೋರ್ಡನ್ನು ಅದು ಒಂದು ಚಹಾ ಕುಡಿಯುವಷ್ಟರಲ್ಲಿ ಉಗುಳಿ ಹಾಕುತ್ತಿತ್ತು. ಉಡುಪಿಯ ಅಂಗಡಿಯವರು ಒಬ್ಬೊಬ್ಬರಾಗಿ ನನ್ನನ್ನು ಬಿಟ್ಟರು. ಉಳಿದದ್ದು ಮಲ್ಪೆಯ ಬೋಟುಗಳಿಗೆ ಹೆಸರು ಬರೆಯುವ ಕೆಲಸ ಒಂದೇ. ಪಕ್ಕದ ಹೂಡೆ ಊರಿನ ಮನೆಯಿಂದ ಬೆಳಿಗ್ಗೆ ಹೊರಡುವಾಗ ಬ್ರಷ್ಷಿನ ಚೀಲ ಹೆಗಲಿಗೆ ಭಾರವಾಗುತ್ತಿತ್ತು. ಇನ್ನೊಂದು ಮಳೆಗಾಲ ಕಳೆದರೆ ಇದನ್ನೆಲ್ಲ ಬಾವಿಗೆ ಎಸೆದು ಬಿಡುತ್ತೇನೆ ಎಂದು ಮನೆಯವಳಿಗೆ ಹೇಳಿಬಿಟ್ಟಿದ್ದೆ. ಅವಳಿಗೂ ದಣಿವಾಗಿತ್ತು.

ಅಂಥ ಹೊತ್ತಿಗೆ ಸಿಕ್ಕಿದ ಕೆಲಸ ಇದು. ಕಾಪುವಿನಿಂದ ಒಳಗೆ ಹೋಗಿ, ಶಿರ್ವ ದಾಟಿ ಕಾರ್ಕಳದ ಕಡೆಗೆ ತಿರುಗಿದರೆ ಗದ್ದೆಗಳ ನಡುವೆ ಒಂದು ಹಳೆಯ ಸಣ್ಣ ಚರ್ಚು, ಅಲ್ಲಿಯವರ ಮಾತಿನಲ್ಲಿ ಇಗರ್ಜಿ. ಎರಡು ಬದಿಯ ಗೋಡೆಗಳಲ್ಲಿ ಕಿಟಕಿಗಳ ನಡುವೆ ಮೂರು ಮೂರು ಖಾಲಿ ಜಾಗ. ಅಲ್ಲಿ ಆರು ಪ್ರವಾದಿಗಳ ಚಿತ್ರ ಬೇಕು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಆರು ಶುಕ್ರವಾರ ಫಾದರ್ ಒಬ್ಬೊಬ್ಬ ಪ್ರವಾದಿಯ ಮೇಲೆ ಪ್ರಸಂಗ ಹೇಳುವವರಿದ್ದರು. ಆಯಾ ಶುಕ್ರವಾರಕ್ಕೆ ಆಯಾ ಚಿತ್ರ ಸಿದ್ಧವಾಗಬೇಕು. ಒಂದೊಂದು ಚಿತ್ರವನ್ನು ಒಂದೊಂದು ಕುಟುಂಬ ತಮ್ಮ ಹಿರಿಯರ ನೆನಪಿಗೆ ವಹಿಸಿಕೊಂಡಿತ್ತು. ಚಿತ್ರದ ಅಡಿಯಲ್ಲಿ ನಾಲ್ಕು ಬೆರಳಗಲದ ಬಿಳಿ ಪಟ್ಟಿ ಬಿಟ್ಟು ಅದರಲ್ಲಿ ಹಿರಿಯರ ಹೆಸರು ಬರೆಯಬೇಕೆಂದು ಮಾತಾಗಿತ್ತು.

ಮೋಶೆಯನ್ನು ಅಳಿಸಿ ಮತ್ತೆ ಬರೆದೆ. ಗೋಡೆಗೆ ಉಜ್ಜು ಕಾಗದ ಹಾಕಿ, ಪ್ರೈಮರ್ ಎಳೆದು, ನೀಲಿ ಪುಡಿ ಹಚ್ಚಿದ ನೂಲನ್ನು ಬಿಗಿದು ಹೊಡೆದು ಚೌಕ ಮಾಡಿಕೊಳ್ಳುವುದು ನನ್ನ ಕ್ರಮ. ಕಾಗದದ ಮೇಲಿನ ಸಣ್ಣ ಚೌಕದಲ್ಲಿ ಇರುವುದು ಗೋಡೆಯ ದೊಡ್ಡ ಚೌಕಕ್ಕೆ ಹೋಗುತ್ತದೆ. ಆಮೇಲೆ ಇದ್ದಿಲಿನ ಗೆರೆ, ಅದರ ಮೇಲೆ ತೆಳು ಬಣ್ಣ, ಅದು ಒಣಗಿದ ಮೇಲೆ ಅಗಸೆ ಎಣ್ಣೆ ಬೆರೆಸಿದ ದಪ್ಪ ಬಣ್ಣ. ಕೊನೆಗೆ ಕಣ್ಣು. ಸ್ನಾನ ಮಾಡಿ, ಬೆಳಗಿನ ಬೆಳಕಿನಲ್ಲಿ, ಯಾರೊಂದಿಗೂ ಮಾತಾಡದೆ ಕಣ್ಣು ತೆರೆಸಬೇಕು. ನನಗೆ ಕಲಿಸಿದವರು ಹಾಗೆ ಹೇಳಿಕೊಟ್ಟಿದ್ದರು. ಗೋಡೆಯ ಮೇಲಿನ ದೊಡ್ಡವರು ನಮ್ಮನ್ನು ನೋಡುತ್ತಿರಬೇಕು. ಕಣ್ಣು ಮುಚ್ಚಿದ ಚಿತ್ರ ಸತ್ತವರಿಗೆ ಮಾತ್ರ ಎನ್ನುವುದು ನಮ್ಮ ಕಸುಬಿನ ಪದ್ಧತಿ.

ಪ್ರತಿ ಸೋಮವಾರ ಫಾದರ್ ನಾನು ನಿಂತು ಬರೆಯುವ ಅಟ್ಟಳಿಗೆಯ ಕೆಳಗೆ ಬೆಂಚು ಎಳೆದು ಕುಳಿತು ಆ ವಾರದ ಕಥೆ ಹೇಳುತ್ತಿದ್ದರು. ಹೆಚ್ಚೆಂದರೆ ಐವತ್ತು ವರ್ಷದವರು, ಆದರೆ ಏಳುವಾಗ ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದರು. ಸಮುವೇಲ ತನ್ನ ಮಕ್ಕಳನ್ನು ದಾರಿಗೆ ತರಲಾಗದ ತಂದೆ. ಯೆಶಾಯ ನನ್ನ ತುಟಿಯೇ ಹೊಲಸು ಎಂದು ಹೆದರಿದವನು. ಯೋನ ದೇವರು ಪೂರ್ವಕ್ಕೆ ಹೋಗು ಎಂದರೆ ಪಶ್ಚಿಮದ ಹಡಗು ಹತ್ತಿದವನು. ಯೆರೆಮೀಯ ಕೆಸರು ಬಾವಿಯಲ್ಲಿ ಹೂತುಹೋಗಿ, ನಾನು ಯಾಕಾದರೂ ಹುಟ್ಟಿದೆನೋ ಎಂದು ಅತ್ತವನು. ಇವರೆಲ್ಲ ಗಟ್ಟಿಯವರಾಗಿದ್ದದ್ದಕ್ಕೆ ದೇವರು ಆರಿಸಿಕೊಂಡದ್ದಲ್ಲ, ಆರಿಸಿಕೊಂಡ ಮೇಲೂ ಗಟ್ಟಿಯಾಗಲಿಲ್ಲ, ಆದರೂ ದೇವರು ಕೈ ಬಿಡಲಿಲ್ಲ, ಅಷ್ಟೇ ನನ್ನ ಆರು ಪ್ರಸಂಗದ ಸಾರ ಎನ್ನುತ್ತಿದ್ದರು. ನಮ್ಮ ಪುರಾಣದ ಕಥೆಗಳಲ್ಲಿಯೂ ಸೋತವರು, ತಪ್ಪಿದವರು ಬೇಕಷ್ಟಿದ್ದಾರೆ. ಆದರೆ ಗೋಡೆಗೆ ಬರುವಾಗ ಎಲ್ಲರೂ ಗೆದ್ದ ದಿನದ ಬಟ್ಟೆ ಹಾಕಿಕೊಂಡೇ ಬರುತ್ತಾರೆ. ಸೋಲನ್ನೇ ಬರೆಯಿರಿ ಎಂದವರು ನನ್ನ ಜೀವಮಾನದಲ್ಲಿ ಇವರೊಬ್ಬರೇ.

ಯೋನನ ಹಡಗು ಮಾತ್ರ ನನ್ನ ಕೈಗೆ ಸಲೀಸಾಗಿ ಬಂತು. ಅಲೆ ಬಡಿದ ಬೋಟು ಎತ್ತ ವಾಲುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯೆರೆಮೀಯನ ಕೆಸರಿಗೆ ನಾಲ್ಕು ಸಲ ಬಣ್ಣ ಕಲಸಿದೆ. ಐದು ಶುಕ್ರವಾರ ಐದು ಚಿತ್ರ ಹೇಗೋ ದಾಟಿದವು. ಆರನೆಯದು ಎಲೀಯ. ಅವನ ಹತ್ತಿರ ನಾವೆಲ್ಲರೂ ಸಿಕ್ಕಿಹಾಕಿಕೊಂಡೆವು.

ಎಲೀಯನನ್ನು ವಹಿಸಿಕೊಂಡಿದ್ದದ್ದು ದೊಡ್ಡ ಮನೆಯವರು, ಮಕ್ಕಳೆಲ್ಲ ಗಲ್ಫಿನಲ್ಲಿ. ಎಲೀಯ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ ಎಂಬುದು ಅವರಿಗೆ ಗೊತ್ತಿತ್ತು. ತಂದೆಯ ಹೆಸರಿನ ಮೇಲೆ ಆ ಬೆಂಕಿ ಇರಲಿ ಎಂದು ಅವರ ಆಸೆ. ಫಾದರ್ ಆರಿಸಿದ್ದು ಅದರ ಮರುದಿನದ ಎಲೀಯನನ್ನು. ರಾಣಿಯ ಬೆದರಿಕೆಗೆ ಹೆದರಿ ಕಾಡಿಗೆ ಓಡಿ, ಒಂದು ಜಾಲಿ ಗಿಡದ ಕೆಳಗೆ ಬಿದ್ದುಕೊಂಡು, ದೇವರೇ ಇನ್ನು ಸಾಕು, ನನ್ನ ಜೀವ ತೆಗೆದುಕೊಂಡುಬಿಡು ಎಂದು ಕೇಳಿದ ಎಲೀಯ. ಹಾಗೆಯೇ ನಿದ್ದೆ ಹೋದವನನ್ನು ದೇವದೂತ ಬಂದು ಭುಜ ಮುಟ್ಟಿ ಎಬ್ಬಿಸುತ್ತಾನೆ. ಸಾಯಬೇಕೆಂದು ಬೇಡಿದವನ ಕೆಳಗೆ ನಮ್ಮ ಅಪ್ಪನ ಹೆಸರಾ ಎಂದು ಆ ಮನೆಯವರು ಹಿಂದೆ ಸರಿದರು. ಚಿತ್ರಕ್ಕೆ ವಾರಸುದಾರರಿಲ್ಲದಂತಾಯಿತು.

ಇದು ಸಾಲದೆಂಬಂತೆ ಗೋಡೆಯೂ ಕೈಕೊಟ್ಟಿತು. ಎಲೀಯನ ಜಾಗ ಪಶ್ಚಿಮದ ಗೋಡೆಯಲ್ಲಿ, ಮಳೆ ನೇರವಾಗಿ ಹೊಡೆಯುವ ಬದಿಗೆ. ಮುಂದಾಲೋಚನೆಯೆಂದು ಅವನನ್ನು ಎರಡು ವಾರ ಮೊದಲೇ ಶುರುಮಾಡಿ, ಬಿಡುವಾದಾಗಲೆಲ್ಲ ಬರೆದು ಮುಗಿಸುತ್ತ ಬಂದಿದ್ದೆ. ಐದನೆಯ ಶುಕ್ರವಾರ ಕಳೆದ ಮರುದಿನ ಬಂದು ನೋಡುತ್ತೇನೆ, ಎಲೀಯನ ಮುಖ, ಕುತ್ತಿಗೆ, ಎಲ್ಲ ಗುಳ್ಳೆ ಎದ್ದಿದೆ. ಉಗುರಿನಿಂದ ಒತ್ತಿದರೆ ಬಣ್ಣ ಸಿಪ್ಪೆಯಾಗಿ ಬಂತು. ಒಳಗೆ ಬಿಳಿ ಉಪ್ಪು. ನೀರು ಹೀರುವ ಕೆಂಪು ಮುರಕಲ್ಲಿನ ಗೋಡೆ, ಮೇಲೆ ಹಳೆಯ ಸುಣ್ಣದ ಗಾರೆ. ಕಾಂಪೌಂಡು ಕಟ್ಟುತ್ತಿದ್ದ ಬಾಗಲಕೋಟೆ ಕಡೆಯ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವನು ಅಂಗೈ ಇಟ್ಟು ನೋಡಿ, "ಈ ಗ್ವಾಡಿ ನೀರು ಕುಡದೈತ್ರಿ. ಒಣಗಾಕ ಇನ್ನೆರಡು ಬ್ಯಾಸಿಗಿ ಬೇಕು," ಎಂದ. ನನ್ನ ಹತ್ತಿರ ಇದ್ದದ್ದು ಆರು ದಿನ.

ಎಲ್ಲವನ್ನೂ ಕೆರೆದು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ತೋಳು ಎತ್ತಲಾಗಲಿಲ್ಲ. ಅಲ್ಲಿಯೇ ಬೆಂಚಿನ ಮೇಲೆ ಉರುಳಿಕೊಂಡೆ. ಸಾಕಾಯಿತು, ಈ ಕೆಲಸವೂ ಬೇಡ, ಈ ಕಸುಬೂ ಬೇಡ, ಎದ್ದು ಬಸ್ಸು ಹತ್ತಿ ಮನೆಗೆ ಹೋಗಿ ಇನ್ನು ಬರುವುದೇ ಇಲ್ಲ ಎಂದು ಅಂದುಕೊಳ್ಳುತ್ತ ನಿದ್ದೆ ಹೋದೆ.

ಎಚ್ಚರವಾದಾಗ ತಲೆಯ ಹತ್ತಿರ ಒಂದು ಸ್ಟೀಲಿನ ಪಾತ್ರೆ ಇತ್ತು. ಬಿಸಿ ಕುಚ್ಚಲಕ್ಕಿ ಗಂಜಿ, ಮುಚ್ಚಳದಲ್ಲಿ ಮಿಡಿ ಉಪ್ಪಿನಕಾಯಿ, ಒಂದು ತಂಬಿಗೆ ನೀರು. ಆಚೆ ಬೆಂಚಿನಲ್ಲಿ ಒಬ್ಬ ಮುದುಕಿ ಜಪಮಾಲೆ ಹಿಡಿದು ಕುಳಿತಿದ್ದರು. ಇಗರ್ಜಿಯ ಹಿಂದಿನ ಮನೆಯವರು, ಊರವರು ಬಾಯಮ್ಮ ಎಂದು ಕರೆಯುತ್ತಿದ್ದರು, ಮೋಶೆಯ ದಿನದಿಂದಲೂ ಮಧ್ಯಾಹ್ನ ಬಂದು ಕುಳಿತು ನನ್ನ ಕೆಲಸ ನೋಡುತ್ತಿದ್ದರು. ಮಾತಾಡಿದ್ದು ಅವತ್ತೇ ಮೊದಲು. ಹಸಿದು ಮಲಗಬಾರದು, ಉಣ್ಣಿ ಎಂದರು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಉಂಡೆ. ಯಾಕೋ ಕಣ್ಣಲ್ಲಿ ನೀರು ಬಂತು, ಉಪ್ಪಿನಕಾಯಿಯ ಖಾರ ಎಂದು ಒರೆಸಿಕೊಂಡೆ.

ಪಾತ್ರೆ ತೆಗೆದುಕೊಳ್ಳುವಾಗ ಅವರು ಕೇಳಿದರು, "ಈ ಚಿತ್ರಕ್ಕೆ ಯಾರೂ ಇಲ್ಲವಂತೆ ಅಲ್ವಾ? ಅಡಿಯಲ್ಲಿ ನನ್ನ ಮಗನ ಹೆಸರು ಬರೀಬಹುದಾ?"

ಅವರ ಮಗ ಸತ್ತು ಇಪ್ಪತ್ತೈದು ವರ್ಷವಾಗಿತ್ತು. ಬೊಂಬಾಯಿಯಲ್ಲಿ ಕೆಲಸಕ್ಕಿದ್ದವನು ಏನೋ ಮನಸ್ಸಿನ ಕಾಯಿಲೆ ಹಿಡಿದು ಊರಿಗೆ ಬಂದ, ಆಮೇಲೆ ತನ್ನ ಜೀವ ತಾನೇ ತೆಗೆದುಕೊಂಡ. ಅಂದಿನ ಕಾಲದಲ್ಲಿ ಹಾಗೆ ಸತ್ತವರಿಗೆ ಹಾಡು, ಪೂಜೆ ಇಲ್ಲದೆ ಸ್ಮಶಾನದ ಒಂದು ಮೂಲೆಯಲ್ಲಿ ಮಣ್ಣು. ಕಲ್ಲಿನಲ್ಲಿ ಹೆಸರು ಕೆತ್ತಲಿಕ್ಕೂ ಆಗ ಬಿಡಲಿಲ್ಲ. ಆಮೇಲೆ ಆ ಮೂಲೆಯಲ್ಲಿ ಹುಲ್ಲು ಬೆಳೆದು ಜಾಗವೇ ಗೊತ್ತಾಗದಂತಾಯಿತು. ಮಗನ ಹೆಸರು ಎಲ್ಲಾದರೂ ಒಂದು ಕಡೆ ಬರೆದಿರಬೇಕು, ತಾನು ಸಾಯುವ ಮೊದಲು ಅದನ್ನು ನೋಡಬೇಕು, ಇಷ್ಟೇ ಆ ತಾಯಿಗೆ ಬೇಕಾಗಿದ್ದದ್ದು. ಹೆಸರು ಬರೆಯುವವನು ನಾನು, ನಾಲ್ಕು ಬೆರಳಿನ ಪಟ್ಟಿಗೆ ಜಾಗ ಅಲ್ಲಿಯೇ ಇತ್ತು. ಆದರೂ ನಾನು ಫಾದರನ್ನು ಕೇಳಿ ಎಂದುಬಿಟ್ಟೆ.

ಫಾದರ್ ಭಾನುವಾರ ಪೂಜೆಯ ನಂತರ ಇಗರ್ಜಿಯ ಪರಿಷತ್ತಿನಲ್ಲಿ ವಿಷಯ ಇಟ್ಟರು. ಬೇಡ ಎಂದು ಗಟ್ಟಿಯಾಗಿ ಹೇಳಿದವರು ಆ ವಾಡೆಯ, ಅಂದರೆ ಆ ಭಾಗದ ಕ್ರೈಸ್ತ ಮನೆಗಳ ಮುಖಂಡರು, ಗುರ್ಕಾರ ಎನ್ನುತ್ತಾರೆ. ಕೆಟ್ಟ ಮನುಷ್ಯ ಅಲ್ಲ. ನನ್ನ ಅಟ್ಟಳಿಗೆಗೆ ಅಡಿಕೆ ಮರ, ಹಗ್ಗ ಕೊಟ್ಟವರು ಅವರೇ. ಹಾಗೆ ಸತ್ತವನ ಹೆಸರು ಪ್ರವಾದಿಯ ಪಾದದಲ್ಲಿ ಬಂದರೆ ನಾಳೆ ಮಕ್ಕಳು ಕೇಳುತ್ತಾರೆ, ಎಂತ ಹೇಳುವುದು ಎಂಬುದು ಅವರ ಮಾತು. ಉಳಿದವರು ತಲೆಯಾಡಿಸಿದರಂತೆ.

ಸೋಮವಾರ ಫಾದರ್ ಕಥೆ ಹೇಳಲು ಬಂದು, ಬೆಂಚು ಎಳೆದು ಕುಳಿತರು. "ನಾನು ಹಟ ಹಿಡಿದಿದ್ದರೆ ಆಗ್ತಿತ್ತು. ಮೇ ತಿಂಗಳಲ್ಲಿ ನನಗೆ ವರ್ಗ ಉಂಟು. ಹೋಗುವ ಹೊತ್ತಿಗೆ ಜಗಳ ಬೇಡ ಅಂತ ಸುಮ್ಮನಾದೆ. ಐದು ಶುಕ್ರವಾರ ಪ್ರವಾದಿಗಳ ಪುಕ್ಕಲುತನ ಹೇಳಿದೆ. ಆರನೆಯದ್ದು ನನ್ನದೇ ಹೇಳಬೇಕು," ಎಂದರು. ನಾನೂ ಫಾದರನ್ನು ಕೇಳಿ ಎಂದು ಜಾರಿಕೊಂಡವನೇ.

ಗೋಡೆಯ ಸಂಕಟಕ್ಕೆ ಬೋಟಿನ ಬುದ್ಧಿ ಉಪಯೋಗಕ್ಕೆ ಬಂತು. ಒದ್ದೆ ಗೋಡೆಯನ್ನು ಒಣಗಿಸಲು ಹೋಗುವುದು ದಡ್ಡತನ, ಅದನ್ನು ಮುಟ್ಟದೆ ಇದ್ದರೆ ಆಯಿತು. ಮಲ್ಪೆಯಿಂದ ನೀರಿಗೆ ಜಗ್ಗದ ಬೋಟಿನ ಪ್ಲೈವುಡ್ ಎರಡು ಹಲಗೆ ತಂದೆ. ಗೋಡೆಗೆ ಮೊದಲು ಒಂದಿಂಚು ದಪ್ಪದ ಮರದ ಪಟ್ಟಿ ಬಡಿದು, ಅದರ ಮೇಲೆ ಹಲಗೆ ಕೂರಿಸಿದೆ. ಹಿಂದೆ ಗಾಳಿ ಆಡುತ್ತದೆ, ಗೋಡೆ ತನ್ನಷ್ಟಕ್ಕೆ ಉಪ್ಪು ಕಾರಿಕೊಳ್ಳಲಿ. ಹಲಗೆಯ ಬೆನ್ನಿಗೂ ಅಂಚಿಗೂ ಬೋಟಿನ ಪ್ರೈಮರ್ ಎರಡು ಕೈ ಹೊಡೆದು, ಸಂದಿಗೆ ಪುಟ್ಟಿ ತುಂಬಿ ಉಜ್ಜಿದೆ. ಮಂಗಳವಾರ ಸಂಜೆಗೆ ಅಡಿಯಲ್ಲಿ ಬಿಳಿ ಪಟ್ಟಿ ಬಿಟ್ಟು, ಚೌಕ ಹಾಕಿ ಇದ್ದಿಲಿನ ಗೆರೆ ಮುಗಿಸಿದೆ. ಎಲೀಯ ಜಾಲಿ ಗಿಡದ ಬುಡದಲ್ಲಿ ಒಂದು ಬದಿಗೆ ಬಿದ್ದಿದ್ದಾನೆ. ಮೇಲಿನಿಂದ ದೇವದೂತ ಬಗ್ಗಿ ಭುಜ ಮುಟ್ಟುತ್ತಿದ್ದಾನೆ. ಎಲೀಯನ ಕಣ್ಣು ಅಗಲಕ್ಕೆ ತೆರೆದಿದೆ, ನಮ್ಮನ್ನು ನೋಡುತ್ತಿದೆ.

ಬುಧವಾರ ಮಧ್ಯಾಹ್ನ ಮುದುಕಿ ಮತ್ತೆ ಗಂಜಿ ತಂದರು. ಪರಿಷತ್ತಿನ ಮಾತು ಅವರಿಗೆ ಮುಟ್ಟಿತ್ತು. ಗೆರೆಯ ಚಿತ್ರವನ್ನೇ ನೋಡುತ್ತ ನಿಂತರು.

"ಇವರಿಗೆ ನಿದ್ದೆ ಬರಲಿಲ್ವಾ?" ಎಂದು ಕೇಳಿದರು.

ನಮ್ಮಲ್ಲಿ ಗೋಡೆಯ ಚಿತ್ರಕ್ಕೆ ಕಣ್ಣು ಮುಚ್ಚುವ ಕ್ರಮ ಇಲ್ಲ, ಮುಚ್ಚಿದರೆ ಅಶುಭ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಆಮೇಲೆ ಬೆಂಚಿನಲ್ಲಿ ಕುಳಿತು, ನನ್ನ ಮುಖ ನೋಡದೆ ಹೇಳಿದರು.

"ನನ್ನ ಮಗನಿಗೆ ಎರಡು ತಿಂಗಳು ನಿದ್ದೆ ಇರಲಿಲ್ಲ. ರಾತ್ರಿಯಿಡೀ ಅಂಗಳದಲ್ಲಿ ನಡೀತಿದ್ದ. ಆ ದಿನ ಬೆಳಿಗ್ಗೆ ಜಗಲಿಯಲ್ಲಿ ಮಲಗಿದವನಿಗೆ ಒಳ್ಳೆಯ ನಿದ್ದೆ ಬಂದಿತ್ತು. ಹತ್ತು ಗಂಟೆಯಾದರೂ ಏಳಲಿಲ್ಲ. ನಾನು ಗದ್ದೆಯಿಂದ ಬಂದವಳು, ಸೋಮಾರಿ, ತಿನ್ನಲಿಕ್ಕೆ ಮಾತ್ರ ಬೊಂಬಾಯಿಯಿಂದ ಬಂದೆಯಾ ಅಂತ ಬೈದು ಎಬ್ಬಿಸಿದೆ. ಎದ್ದ. ಏನೂ ಉಣ್ಣಲಿಲ್ಲ. ಹಾಗೆಯೇ ಹೋದ."

ಸಂಜೆ ಅವನನ್ನು ಹೊತ್ತುಕೊಂಡು ಬಂದರಂತೆ. ಇಪ್ಪತ್ತೈದು ವರ್ಷ ಪಾಪನಿವೇದನೆಗೆ ಹೋದಾಗಲೆಲ್ಲ ಇದನ್ನೇ ಹೇಳಿಕೊಳ್ಳುತ್ತೇನೆ, ಕ್ಷಮೆಯಾಯಿತು ಎನ್ನುತ್ತಾರೆ, ಮನೆಗೆ ಬಂದರೆ ಆ ಜಗಲಿ ಅಲ್ಲಿಯೇ ಇರುತ್ತದೆ ಎಂದರು. ಕೈಗೆ ಪಾತ್ರೆ ತೆಗೆದುಕೊಂಡು ಹೋದರು.

ಅವತ್ತು ನಾನು ಬ್ರಷ್ಷು ಮುಟ್ಟಲಿಲ್ಲ. ಫಾದರಿನ ಕೋಣೆಗೆ ಹೋಗಿ, ದೇವದೂತ ಎಲೀಯನನ್ನು ಎಬ್ಬಿಸಲೇಬೇಕಾ, ಎಬ್ಬಿಸುವ ಮೊದಲಿನದ್ದನ್ನು ಬರೆದರೆ ಆಗುವುದಿಲ್ಲವಾ ಎಂದು ಕೇಳಿದೆ. ಯಾಕೆಂದು ಹೇಳಲಿಲ್ಲ. ಮುದುಕಿ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವ ಅಧಿಕಾರ ನನಗೆ ಇರಲಿಲ್ಲ. ಫಾದರ್ ಕನ್ನಡಕ ಏರಿಸಿಕೊಂಡು ಪುಸ್ತಕ ತೆರೆದು ಆ ಪುಟವನ್ನು ತಾವೇ ಹೊಸದಾಗಿ ಓದುವವರಂತೆ ಓದಿದರು.

"ಇಲ್ಲಿ ದೇವದೂತ ಎಬ್ಬಿಸುವುದು ಎರಡು ಸಲ ಉಂಟು," ಎಂದರು. "ಮೊದಲ ಸಲ ಎಬ್ಬಿಸಿ ಊಟ ಕೊಡ್ತಾನೆ. ಎಲೀಯ ರೊಟ್ಟಿ ತಿಂದು, ನೀರು ಕುಡಿದು, ಪುನಃ ಮಲಗ್ತಾನೆ. ಹೇಳಿದ ಕೆಲಸ ಬಿಟ್ಟು ಓಡಿ ಬಂದವನು, ಉಂಡು ಪುನಃ ಮಲಗ್ತಾನೆ. ದೇವದೂತ ಒಂದು ಮಾತೂ ಬೈಯುವುದಿಲ್ಲ. ಮಲಗಲು ಬಿಡ್ತಾನೆ. ಎಷ್ಟೋ ಸಲ ಓದಿದ್ದೇನೆ, ಇದನ್ನು ಗಮನಿಸಿಯೇ ಇರಲಿಲ್ಲ."

ಅದನ್ನೇ ಬರೆಯುತ್ತೇನೆ ಎಂದೆ. ಬರೆಯಿರಿ ಎಂದರು. ಅವತ್ತು ಕಥೆ ಹೇಳಿದ್ದು ಯಾರು, ಕೇಳಿದ್ದು ಯಾರು ಎಂದು ನಮಗಿಬ್ಬರಿಗೂ ಗೊಂದಲವಾದಂತಿತ್ತು.

ಗುರುವಾರ ಬೆಳಿಗ್ಗೆ ಆರಕ್ಕೆ ಇದ್ದಿಲು ಒರೆಸಿ ಹಾಕಿ ಮತ್ತೆ ಗೆರೆ ಎಳೆದೆ. ಎಣ್ಣೆ ಬಣ್ಣ ಒಣಗುವಷ್ಟು ಪುರುಸೊತ್ತು ಇರಲಿಲ್ಲ. ಆದ್ದರಿಂದ ಟರ್ಪೆಂಟೈನ್ ಹೆಚ್ಚು ಹಾಕಿ ತೆಳುವಾಗಿಯೇ ಬರೆದೆ, ಒಂದೇ ಕೈಯಲ್ಲಿ, ತಿದ್ದುವುದಕ್ಕೆ ಅವಕಾಶವಿಲ್ಲದಂತೆ. ಎಲೀಯ ಮೊಣಕಾಲು ಮಡಿಚಿ, ಅಂಗೈಯನ್ನು ಕೆನ್ನೆಯ ಕೆಳಗೆ ಇಟ್ಟು ಮಲಗಿದ್ದಾನೆ. ಬಾಯಿ ಸ್ವಲ್ಪ ತೆರೆದಿದೆ. ತಲೆಯ ಹತ್ತಿರ ಅರ್ಧ ತಿಂದ ದಪ್ಪ ರೊಟ್ಟಿ, ನೀರಿನ ಹೂಜಿ ವಾಲಿದೆ, ಗಡ್ಡದಲ್ಲಿ ರೊಟ್ಟಿಯ ಪುಡಿ. ದೇವದೂತ ಪಕ್ಕದಲ್ಲಿ ಕುಳಿತಿದ್ದಾನೆ, ಮುಖ ಗಿಡದ ನೆರಳಿನಲ್ಲಿ. ಕೈ ಮಾತ್ರ ಬೆಳಕಿನಲ್ಲಿ. ಆ ಕೈಗೆ ನಾನು ಎರಡು ಮಧ್ಯಾಹ್ನ ನನ್ನ ಮುಂದೆ ಪಾತ್ರೆ ಇಟ್ಟ ಕೈಯನ್ನು ಬರೆದೆ. ಉಬ್ಬಿದ ನರ, ಬಾಗಿದ ಕಿರುಬೆರಳು, ಮಣಿಕಟ್ಟಿನ ಮೇಲೆ ಒಲೆಯಿಂದಾದ ಹಳೆಯ ಸುಟ್ಟ ಗುರುತು. ಕೈ ಭುಜದ ಹತ್ತಿರ ಬಂದಿದೆ, ಮುಟ್ಟಿಲ್ಲ. ಕೊನೆಗೆ ಕಣ್ಣು. ಇಪ್ಪತ್ತು ವರ್ಷ ಕಣ್ಣು ತೆರೆಸಿದ ಬ್ರಷ್ಷಿನಿಂದ ಎರಡು ಸಣ್ಣ ಬಾಗಿದ ಗೆರೆ ಎಳೆದು ಮುಚ್ಚಿದೆ. ಗೆರೆ ಸರಿಯಾಗಿ ಬಂತು.

ಸಂಜೆ ಗುರ್ಕಾರರು ಬಂದರು. ದೇವದೂತನಿಗೆ ರೆಕ್ಕೆ ಎಲ್ಲಿ ಎಂದು ಮೊದಲು ಕೇಳಿದರು. ಕುಳಿತುಕೊಳ್ಳುವಾಗ ಮಡಿಚಿಟ್ಟಿದ್ದಾನೆ ಎಂದೆ. ನಗಲಿಲ್ಲ. ಹತ್ತಿರ ಹೋಗಿ ಕೈಯನ್ನು ನೋಡಿದರು, ಸುಟ್ಟ ಗುರುತನ್ನು ನೋಡಿದರು. ಆ ಊರಿನಲ್ಲಿ ಆ ಕೈಯ ಗಂಜಿ ಉಣ್ಣದೆ ದೊಡ್ಡವರಾದವರು ಕಡಿಮೆ ಎಂದು ಆಮೇಲೆ ಗೊತ್ತಾಯಿತು. ಅಳಿಸು ಎನ್ನುತ್ತಾರೆ ಎಂದು ನಾನು ಕಾಯುತ್ತ ನಿಂತೆ. ಅಳಿಸುವುದಿಲ್ಲ ಎಂದು ನಿರ್ಧರಿಸಿಯೂ ಆಗಿತ್ತು.

ಅವರು ಬಗ್ಗಿ ಅಡಿಯ ಬಿಳಿ ಪಟ್ಟಿಯ ಮೇಲೆ ಬೆರಳಾಡಿಸಿದರು. "ನಾನೂ ಅವನೂ ಒಂದೇ ಬೆಂಚಿನಲ್ಲಿ ಕಲಿತದ್ದು," ಎಂದರು. ಎದ್ದು ನಿಂತು, "ಇದನ್ನು ಖಾಲಿ ಬಿಡಿ. ಇನ್ನು ಯಾರು ಬಂದು ಕೇಳಿದರೂ ಇಲ್ಲಿ ಬೇರೆ ಹೆಸರು ಬರೆಯುವುದು ಬೇಡ. ನಾನು ನೋಡಿಕೊಳ್ತೇನೆ," ಎಂದು ಹೇಳಿ ಹೋದರು. ಹೆಸರು ಬರೆಯಿರಿ ಎನ್ನುವಷ್ಟು ಧೈರ್ಯ ಅವರಿಗೆ ಬರಲಿಲ್ಲ. ಬಂದಷ್ಟು ಬಂತು.

ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಇನ್ನೂ ಒಂದು ಗಂಟೆ ಇರುವಾಗ ನಾನು ಅಟ್ಟಳಿಗೆ ಬಿಚ್ಚಿ, ನೆಲದ ಬಣ್ಣ ಒರೆಸುತ್ತಿದ್ದೆ. ಮುದುಕಿ ಬಂದರು. ಬಾಗಿಲಲ್ಲಿ ಬೆರಳು ಪವಿತ್ರ ನೀರಿಗೆ ಅದ್ದಿ, ಹಣೆಗೆ ಮುಟ್ಟಿಸಿಕೊಂಡು, ನೇರ ಪಶ್ಚಿಮದ ಗೋಡೆಯ ಕಡೆಗೆ ನಡೆದರು. ಬಿಳಿ ಪಟ್ಟಿಯನ್ನು ಮೊದಲು ನೋಡಿದರು. ಅದು ಖಾಲಿ ಇತ್ತು. ನನಗೆ ನೆಲ ಒರೆಸುವುದು ಬಿಟ್ಟು ಬೇರೆ ದಾರಿ ಕಾಣಲಿಲ್ಲ, ಅವರ ಮುಖ ನೋಡುವ ಧೈರ್ಯ ನನಗೂ ಇರಲಿಲ್ಲ. ಹೆಸರು ಕೇಳಿದವರಿಗೆ ನಾನು ಕೊಟ್ಟದ್ದು ಎಂತ, ಒಂದು ಚಿತ್ರ.

ತಲೆಯೆತ್ತಿದಾಗ ಅವರು ಪಟ್ಟಿಯನ್ನು ಬಿಟ್ಟು ಮೇಲೆ ನೋಡುತ್ತಿದ್ದರು. ರೊಟ್ಟಿಯನ್ನು ನೋಡಿದರು, ಗಡ್ಡದ ಪುಡಿಯನ್ನು ನೋಡಿದರು, ಮುಚ್ಚಿದ ಕಣ್ಣನ್ನು ನೋಡಿದರು. ಆಮೇಲೆ ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡು ಸೆರಗಿನೊಳಗೆ ಎಳೆದುಕೊಂಡರು.

"ಉಂಡು ಮಲಗಿದ್ದಾ?" ಎಂದು ಕೇಳಿದರು.

"ಹೌದು ಬಾಯಮ್ಮ. ಉಂಡೇ ಮಲಗಿದ್ದು."

"ಹಾಗಾದ್ರೆ ಮಲಗಲಿ," ಎಂದರು. ಅಲ್ಲಿಯೇ, ಆ ಚಿತ್ರದ ಕೆಳಗಿನ ಬೆಂಚಿನಲ್ಲಿ, ಸದ್ದಾಗದಂತೆ ಕುಳಿತರು.